ಹೊರದೇಶಕ್ಕೆ ಸೇನೆ, ಬಿಲ್ ಯಾರಿಗೆ? ಬಳ್ಳಾರಿ ಸೀಮೆಯ ಇನ್ನೂರು ವರ್ಷದ ಲೆಕ್ಕ

ಗಡಿಯಾಚೆ ಸೈನ್ಯ ಕಳಿಸೋ ಖರ್ಚಿನ ಬಗ್ಗೆ ಚರ್ಚೆ ಅಂದ್ರೆ ಅಮೆರಿಕದ ಸುದ್ದಿ ಅಂತ ನಾವು ಅಂದ್ಕೊಳ್ತೀವಿ. ಆದರೆ ಬಳ್ಳಾರಿ, ಸಿರುಗುಪ್ಪ, ಕುರುಗೋಡು ಸೀಮೆ ಬ್ರಿಟಿಷರ ಕೈಗೆ ಹೋದದ್ದೇ ಒಂದು ಸೈನ್ಯದ ಖರ್ಚು ತೀರಿಸಲಿಕ್ಕೆ. ಆ ಲೆಕ್ಕದ ಮುಖ್ಯ ಘಟ್ಟಗಳು ಇಲ್ಲಿವೆ.

1800: ಜಿಲ್ಲೆಯೇ ಸಂಬಳ

ಹೈದರಾಬಾದಿನ ನಿಜಾಮ ತನ್ನ ರಾಜ್ಯದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸಹಾಯಕ ಸೈನ್ಯ ಇಟ್ಟುಕೊಂಡಿದ್ದ. ಖರ್ಚು ಅವನದೇ. ನಗದು ಕೊಡುವ ಬದಲು 1800ರ ಒಪ್ಪಂದದಲ್ಲಿ, ಮೈಸೂರು ಯುದ್ಧಗಳ ನಂತರ 1792 ಮತ್ತು 1799ರಲ್ಲಿ ತನ್ನ ಪಾಲಿಗೆ ಬಂದಿದ್ದ ಬಳ್ಳಾರಿ, ಕಡಪ ಮುಂತಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. 1807ರವರೆಗೆ ಇಲ್ಲಿ ಕಲೆಕ್ಟರ್ ಆಗಿದ್ದ ಥಾಮಸ್ ಮನ್ರೋ ಹೊಲ ಅಳೆಸಿ ಕಂದಾಯ ನಿಗದಿ ಮಾಡಿದ. ಅಂದರೆ, ಬೇರೆಡೆ ಬೀಡುಬಿಟ್ಟ ಸೈನ್ಯದ ಲೆಕ್ಕಕ್ಕೆ ಇಲ್ಲಿನ ರೈತ ಜಮೆಯಾದ. ಒಪ್ಪಂದ ಮಾಡಿಕೊಂಡವರು ಯಾರೂ ಅವನನ್ನು ಕೇಳಿರಲಿಲ್ಲ.

1876–80: ಬರದ ದುಡ್ಡು, ಕಾಬೂಲಿನ ಯುದ್ಧ

ಧಾತು ಸಂವತ್ಸರದ ಬರ ಅತಿ ಕ್ರೂರವಾಗಿ ಬಡಿದ ಜಿಲ್ಲೆಗಳಲ್ಲಿ ಬಳ್ಳಾರಿಯೂ ಒಂದು. 1877ರಲ್ಲಿ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿ ಇಳಿಸಿದ. ದಿನವಿಡೀ ದುಡಿದ ಗಂಡಾಳಿಗೆ ಒಂದು ಪೌಂಡ್, ಅಂದರೆ ಸುಮಾರು 450 ಗ್ರಾಂ ಧಾನ್ಯ ಮತ್ತು ಪುಡಿಗಾಸು. ಮದ್ರಾಸಿನ ಆರೋಗ್ಯಾಧಿಕಾರಿ ಕಾರ್ನಿಷ್ ಇದನ್ನು ವಿರೋಧಿಸಿದ. ಸರ್ಕಾರದ ಸಮರ್ಥನೆ ಒಂದೇ: ಮಿತವ್ಯಯ.

ಮುಂದಿನ ಬರಗಳಿಗೆಂದು ವರ್ಷಕ್ಕೆ 1.5 ಕೋಟಿ ರೂಪಾಯಿ ತೆಗೆದಿಡುವ ಮಾತಾಯ್ತು, ಅದಕ್ಕೆ ಹೊಸ ತೆರಿಗೆಯನ್ನೂ ಹಾಕಿದರು. 1878ರ ನವೆಂಬರ್‌ನಲ್ಲಿ ವೈಸ್‌ರಾಯ್ ಲಿಟ್ಟನ್ ಆಫ್ಘಾನಿಸ್ತಾನದ ಮೇಲೆ ಯುದ್ಧ ಶುರು ಮಾಡಿದ. 1879ರ ಬಜೆಟ್ ಹೊತ್ತಿಗೆ ಬರಕ್ಕೆಂದು ಲೆಕ್ಕ ಹಾಕಿದ್ದ ಉಳಿತಾಯ ಮಾಯವಾಗಿತ್ತು. ಯುದ್ಧದ ಖರ್ಚು ಒಂದು ಕಾರಣ, ರೂಪಾಯಿ ಬೆಲೆ ಕುಸಿದದ್ದು ಇನ್ನೊಂದು. ಕೊನೆಗೆ ಬ್ರಿಟನ್ ಕೊಟ್ಟದ್ದು 50 ಲಕ್ಷ ಪೌಂಡ್. ಉಳಿದ ದೊಡ್ಡ ಪಾಲು ಭಾರತದ ಬೊಕ್ಕಸದ್ದು.

ಕಾನೂನು ಇರಲಿಲ್ವಾ?

ಇತ್ತು. 1858ರ ಭಾರತ ಸರ್ಕಾರ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ದಾಳಿ ಅಥವಾ ತುರ್ತು ಸಂದರ್ಭ ಬಿಟ್ಟರೆ, ಗಡಿಯಾಚೆಯ ಸೇನಾ ಕಾರ್ಯಾಚರಣೆಗೆ ಭಾರತದ ಕಂದಾಯ ಬಳಸಲು ಬ್ರಿಟಿಷ್ ಸಂಸತ್ತಿನ ಎರಡೂ ಸದನಗಳ ಒಪ್ಪಿಗೆ ಬೇಕು. ಅಬಿಸೀನಿಯಾ, ಆಫ್ಘಾನಿಸ್ತಾನ, ಈಜಿಪ್ಟ್ ದಂಡಯಾತ್ರೆಗಳಿಗೆ ಒಪ್ಪಿಗೆ ಸಿಗುತ್ತಲೇ ಹೋಯ್ತು. ಕೈ ಎತ್ತಿದವರ ಜೇಬಿಂದ ದುಡ್ಡು ಹೋಗ್ತಿರಲಿಲ್ಲ, ಅಷ್ಟೇ. 1895ರಲ್ಲಿ ನೇಮಕವಾದ ವೆಲ್ಬಿ ಆಯೋಗದ ಮುಂದೆ ಇದನ್ನೇ ಎತ್ತಿ ಹಿಡಿದವರು ಅದರ ಸದಸ್ಯರಾಗಿದ್ದ ದಾದಾಭಾಯಿ ನವರೋಜಿ ಮತ್ತು 1897ರಲ್ಲಿ ಸಾಕ್ಷ್ಯ ನುಡಿದ ಗೋಖಲೆ.

ಅತ್ತ ನೀರಾವರಿ?

ತುಂಗಭದ್ರೆಗೆ ಅಣೆಕಟ್ಟು ಕಟ್ಟುವ ಯೋಚನೆಯನ್ನು ಆರ್ಥರ್ ಕಾಟನ್ ಮುಂದಿಟ್ಟದ್ದು 1860ರಲ್ಲಿ. ಅಡಿಗಲ್ಲು ಬಿದ್ದದ್ದು 1945ರಲ್ಲಿ, ನೀರು ನಿಂತದ್ದು 1953ರಲ್ಲಿ. ಇದಕ್ಕೆ ಯುದ್ಧಗಳೇ ಕಾರಣ ಅನ್ನೋದು ಪೂರ್ತಿ ನಿಜವಲ್ಲ; ಮದ್ರಾಸ್ ಮತ್ತು ಹೈದರಾಬಾದ್ ನಡುವಿನ ನೀರಿನ ಜಗಳವೂ ದಶಕಗಟ್ಟಲೆ ನಡೆಯಿತು. ಆದರೆ ಒಂದು ವ್ಯತ್ಯಾಸ ಎದ್ದು ಕಾಣುತ್ತೆ: ದಂಡಯಾತ್ರೆಗೆ ಒಪ್ಪಿಗೆ ಸಿಗಲು ಕೆಲವು ವಾರ ಸಾಕಿತ್ತು, ಅಣೆಕಟ್ಟಿಗೆ 85 ವರ್ಷ ಬೇಕಾಯ್ತು.

ಇಂದು ಕುರುಗೋಡು, ಸಿರುಗುಪ್ಪದ ಭತ್ತ ನಿಂತಿರುವುದು ಅದೇ ಜಲಾಶಯದ ಎಲ್‌ಎಲ್‌ಸಿ ಕಾಲುವೆ ಮೇಲೆ. ಹೂಳು ತುಂಬಿ ಜಲಾಶಯದ ಸಾಮರ್ಥ್ಯ 133 ಟಿಎಂಸಿಯಿಂದ ಸುಮಾರು 105ಕ್ಕೆ ಇಳಿದಿದೆ. 2024ರ ಆಗಸ್ಟ್‌ನಲ್ಲಿ 19ನೇ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯ್ತು. ನಿರ್ವಹಣೆ ಅನ್ನೋದು ಬಜೆಟ್‌ನಲ್ಲಿ ಸದ್ದು ಮಾಡದ ಖರ್ಚು. ಅದನ್ನು ಮುಂದೂಡೋದು ಸುಲಭ.

ಸ್ವತಂತ್ರ ಭಾರತದಲ್ಲಿ

1987ರ ಜುಲೈ 29ರಂದು ಭಾರತ–ಶ್ರೀಲಂಕಾ ಒಪ್ಪಂದ ಆಯ್ತು. ಅದರ ಬೆನ್ನಲ್ಲೇ ಶಾಂತಿಪಾಲನಾ ಪಡೆ ದ್ವೀಪದಲ್ಲಿ ಇಳಿಯಿತು. 1990ರಲ್ಲಿ ವಾಪಸಾಗುವ ಹೊತ್ತಿಗೆ ಸುಮಾರು 1,200 ಯೋಧರು ಪ್ರಾಣ ಕಳೆದುಕೊಂಡಿದ್ದರು. ಖರ್ಚು ಭಾರತದ್ದೇ. ವಿಶ್ವಸಂಸ್ಥೆಯ ಶಾಂತಿಪಡೆಯದ್ದು ಬೇರೆ ಲೆಕ್ಕ: ಪ್ರತಿ ಯೋಧನಿಗೆ ತಿಂಗಳಿಗೆ 1,400 ಡಾಲರ್‌ಗೂ ಹೆಚ್ಚು ಮೊತ್ತವನ್ನು ವಿಶ್ವಸಂಸ್ಥೆ ಆಯಾ ದೇಶಕ್ಕೆ ಮರುಪಾವತಿ ಮಾಡುತ್ತೆ, ಹಲವು ಸಲ ತಡವಾಗಿ.

2025–26ರ ಕೇಂದ್ರ ಬಜೆಟ್‌ನಲ್ಲಿ ರಕ್ಷಣೆಗೆ 6.81 ಲಕ್ಷ ಕೋಟಿ ಇದೆ. ಇದರಲ್ಲಿ 1.60 ಲಕ್ಷ ಕೋಟಿ ಪಿಂಚಣಿ. ಹಾಗಾಗಿ ಇಡೀ ಮೊತ್ತ ತೋರಿಸಿ 'ಇಷ್ಟರಲ್ಲಿ ಎಷ್ಟು ಕಾಲುವೆ ಆಗ್ತಿತ್ತು' ಅಂತ ಕೇಳೋ ಪೋಸ್ಟರ್ ಲೆಕ್ಕ ದಾರಿ ತಪ್ಪಿಸುತ್ತೆ. ಗಡಿ ಕಾಯುವ ಖರ್ಚು ಬೇರೆ, ಗಡಿಯಾಚೆಯ ಖರ್ಚು ಬೇರೆ.

ಹಾಗಾದ್ರೆ ಏನು ಕೇಳಬೇಕು?

ಮೂರು ಪ್ರಶ್ನೆ. ಒಂದು, ದುಡ್ಡು ಕೊಡೋರು ಯಾರು: ನಾವಾ, ವಿಶ್ವಸಂಸ್ಥೆಯಾ?

ಎರಡು, ಬಿಲ್ ಯಾವಾಗ ಮುಗಿಯುತ್ತೆ? 2001ರ ನಂತರದ ಅಮೆರಿಕದ ಯುದ್ಧಗಳಿಗೆ 8 ಲಕ್ಷ ಕೋಟಿ ಡಾಲರ್ ಎಂದು ಬ್ರೌನ್ ವಿಶ್ವವಿದ್ಯಾಲಯದ ಅಧ್ಯಯನ 2021ರಲ್ಲಿ ಅಂದಾಜಿಸಿತು. ಅದರಲ್ಲಿ 2.2 ಲಕ್ಷ ಕೋಟಿ ಡಾಲರ್ ಮಾಜಿ ಯೋಧರ ಮುಂದಿನ ಆರೈಕೆಯದ್ದು. ಸೈನ್ಯ ಮನೆಗೆ ಬಂದ ಮೇಲೂ ಮೀಟರ್ ಓಡ್ತಾನೇ ಇರುತ್ತೆ.

ಮೂರು, ಒಪ್ಪಿಗೆ ಕೊಟ್ಟವರು ಯಾರು? ಸೈನ್ಯವನ್ನು ಹೊರಗೆ ಕಳಿಸುವ ಮುನ್ನ ಸಂಸತ್ತಿನ ಮತ ಬೇಕೇ ಬೇಕು ಅಂತ ನಮ್ಮ ಸಂವಿಧಾನ ಹೇಳಲ್ಲ. ಸಂಸತ್ತು ನೋಡೋದು ಬಜೆಟ್ ಬೇಡಿಕೆಯನ್ನು. ವಸಾಹತು ಕಾಲದ ಕಾಗದದ ಮೇಲಾದರೂ ಇದ್ದ ಆ ಷರತ್ತು ಈಗ ಇಲ್ಲ. ಆಗ ಲಂಡನ್ನಿನ ಸದನದಲ್ಲಿ ಬಳ್ಳಾರಿಯ ಪ್ರತಿನಿಧಿ ಇರಲಿಲ್ಲ. ಈಗ ದಿಲ್ಲಿಯಲ್ಲಿ ಇದ್ದಾರೆ. ಈ ಪ್ರಶ್ನೆಗಳನ್ನು ಮೊದಲು ಕೇಳಬೇಕಾದದ್ದು ಅವರನ್ನೇ.