ಶಸ್ತ್ರಚಿಕಿತ್ಸೆಯ ನಂತರದ ಅನಿರೀಕ್ಷಿತ ಉಸಿರಾಟದ ತೊಂದರೆ: ಕಾರಣ ಪತ್ತೆಹಚ್ಚುವ ಕ್ರಮ

ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಹಠಾತ್ತನೆ ಏದುಸಿರು ಕಾಣಿಸಿಕೊಂಡಲ್ಲಿ, ಅದನ್ನು ಗಾಯದ ನೋವು ಅಥವಾ ನಿಶ್ಶಕ್ತಿಯೆಂದು ಭಾವಿಸಿ ಕಡೆಗಣಿಸಬಾರದು. ಇದರ ಕೆಲವು ಕಾರಣಗಳು ಕೆಲವೇ ಗಂಟೆಗಳಲ್ಲಿ ಪ್ರಾಣಾಪಾಯ ತರಬಲ್ಲವು.

ಮುಖ್ಯ ಕಾರಣಗಳು

1. ಶ್ವಾಸಕೋಶದ ಭಾಗ ಕುಸಿಯುವುದು: ಅರಿವಳಿಕೆಯ ಪರಿಣಾಮದಿಂದ ಹಾಗೂ ನೋವಿನಿಂದಾಗಿ ದೀರ್ಘವಾಗಿ ಉಸಿರಾಡಲಾಗದೆ ಸಾಮಾನ್ಯವಾಗಿ ಮೊದಲ 2 ದಿನಗಳಲ್ಲಿ ಉಂಟಾಗುತ್ತದೆ.

2. ನ್ಯುಮೋನಿಯಾ: ಜ್ವರ, ಕೆಮ್ಮು ಮತ್ತು ಕಫ ಇರಬಹುದು.

3. ಹೃದಯಾಘಾತ ಅಥವಾ ಹೃದಯ ವೈಫಲ್ಯ: ನೋವು ನಿವಾರಕ ಔಷಧಗಳಿಂದಾಗಿ ಎದೆನೋವು ರೋಗಿಯ ಅರಿವಿಗೆ ಬಾರದಿರಬಹುದು.

4. ರಕ್ತಸ್ರಾವದಿಂದ ಉಂಟಾದ ರಕ್ತಹೀನತೆ.

5. ಪಲ್ಮನರಿ ಎಂಬಾಲಿಸಂ: ಬಹುತೇಕ ಕಾಲಿನ ಆಳದ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವು ಶ್ವಾಸಕೋಶದ ರಕ್ತನಾಳಕ್ಕೆ ಸಾಗಿ ಅಡಚಣೆ ಉಂಟುಮಾಡುವುದು. ಸೊಂಟದ ಕೀಲು, ಮಂಡಿ ಹಾಗೂ ಕ್ಯಾನ್ಸರ್ ಶಸ್ತ್ರಚಿಕಿತ್ಸೆಗಳ ನಂತರ ಈ ಸಂಭವ ಹೆಚ್ಚು. ಮನೆಗೆ ಮರಳಿದ ಮೇಲೂ ಹಲವು ವಾರಗಳ ಕಾಲ ಈ ಅಪಾಯ ಇರುತ್ತದೆ.

ಪತ್ತೆಹಚ್ಚುವ ವಿಧಾನ

ವೈದ್ಯರು ಮೊದಲಿಗೆ ನಾಡಿಬಡಿತ, ರಕ್ತದೊತ್ತಡ, ಉಸಿರಾಟದ ವೇಗ ಹಾಗೂ ರಕ್ತದಲ್ಲಿನ ಆಮ್ಲಜನಕದ ಪ್ರಮಾಣವನ್ನು ಪರಿಶೀಲಿಸುತ್ತಾರೆ. ಅನಂತರ ಎದೆಯ ಎಕ್ಸ್-ರೇ, ಇ.ಸಿ.ಜಿ. ಮತ್ತು ರಕ್ತ ಪರೀಕ್ಷೆಗಳನ್ನು ಮಾಡಿಸಲಾಗುತ್ತದೆ.

ಎಕ್ಸ್-ರೇ ಸಹಜವಾಗಿದ್ದ ಮಾತ್ರಕ್ಕೆ ಶ್ವಾಸಕೋಶದಲ್ಲಿ ಹೆಪ್ಪು ಇಲ್ಲವೆಂದು ತೀರ್ಮಾನಿಸಲಾಗದು. ಡಿ-ಡೈಮರ್ ಎಂಬ ರಕ್ತ ಪರೀಕ್ಷೆಯ ಅಂಶವು ಶಸ್ತ್ರಚಿಕಿತ್ಸೆಯ ಕಾರಣದಿಂದಲೇ ಏರಿರಬಹುದಾದ್ದರಿಂದ, ಅದೊಂದರಿಂದಲೇ ಹೆಪ್ಪು ಇದೆಯೆಂದೂ ಹೇಳಲಾಗದು. ಸಂಶಯವಿದ್ದಲ್ಲಿ ಸಿ.ಟಿ. ಪಲ್ಮನರಿ ಆಂಜಿಯೋಗ್ರಾಂ ಮೂಲಕ ಖಚಿತಪಡಿಸಿಕೊಳ್ಳಲಾಗುತ್ತದೆ. ಮೂತ್ರಪಿಂಡದ ತೊಂದರೆ ಅಥವಾ ಈ ಪರೀಕ್ಷೆಗೆ ಬಳಸುವ ಔಷಧದ ಅಲರ್ಜಿ ಇರುವವರಿಗೆ ಕಾಲಿನ ಡಾಪ್ಲರ್ ಪರೀಕ್ಷೆ ಅಥವಾ ಶ್ವಾಸಕೋಶದ ಬೇರೆ ವಿಧದ ಸ್ಕ್ಯಾನ್ ಮಾಡಿಸಬಹುದು. ರಕ್ತದೊತ್ತಡ ಕುಸಿದಿರುವ ರೋಗಿಗೆ ಹಾಸಿಗೆಯ ಬಳಿಯಲ್ಲಿಯೇ ಹೃದಯದ ಎಕೋ ಪರೀಕ್ಷೆ ನಡೆಸಬಹುದು.

ಸಾರ್ವಜನಿಕರ ಗಮನಕ್ಕೆ

* ಹಠಾತ್ ಏದುಸಿರು, ಎದೆನೋವು, ಕಫದಲ್ಲಿ ರಕ್ತ, ತಲೆಸುತ್ತಿ ಬೀಳುವುದು ಕಂಡುಬಂದಲ್ಲಿ ಕೂಡಲೇ 108 ಸಂಖ್ಯೆಗೆ ಕರೆ ಮಾಡತಕ್ಕದ್ದು.

* ಒಂದೇ ಕಾಲಿನಲ್ಲಿ ಊತ ಅಥವಾ ನೋವಿದ್ದಲ್ಲಿ ಆ ಕಾಲನ್ನು ತಿಕ್ಕದೆ, ಅಂದೇ ವೈದ್ಯರಿಗೆ ತೋರಿಸತಕ್ಕದ್ದು.

* ಆಸ್ಪತ್ರೆಯಿಂದ ಬಿಡುಗಡೆಯಾದಾಗ ನೀಡಿದ ಡಿಸ್ಚಾರ್ಜ್ ಪತ್ರ ಹಾಗೂ ಸೇವಿಸುತ್ತಿರುವ ಔಷಧಗಳ ಪಟ್ಟಿಯನ್ನು ಜೊತೆಗೆ ಒಯ್ಯುವುದು.

* ಶಸ್ತ್ರಚಿಕಿತ್ಸೆ ನಡೆದ ದಿನಾಂಕವನ್ನೂ, ಹಿಂದೆ ತಮಗೆ ಅಥವಾ ಕುಟುಂಬದವರಿಗೆ ರಕ್ತ ಹೆಪ್ಪುಗಟ್ಟಿದ್ದಲ್ಲಿ ಆ ವಿಷಯವನ್ನೂ ತಪ್ಪದೆ ತಿಳಿಸುವುದು.

* ರಕ್ತ ಹೆಪ್ಪುಗಟ್ಟದಂತೆ ನೀಡಿದ ಔಷಧವನ್ನು ವೈದ್ಯರ ಸಲಹೆಯಿಲ್ಲದೆ ನಿಲ್ಲಿಸಬಾರದು.

ಸೂಚನೆ: ಈ ಮಾಹಿತಿಯು ಸಾರ್ವಜನಿಕರ ತಿಳುವಳಿಕೆಗಾಗಿ ಮಾತ್ರ, ವೈದ್ಯರ ತಪಾಸಣೆಗೆ ಬದಲಿಯಲ್ಲ.