ನಮ್ಮ ಸೀಮಿ ಹಾಡಿನ ಕಥಿ, ಭಾಗ 4: ಡೆಮೊ ಸಿಗದ ಹಾಡುಗಾರ

ಹಾಡು ಕಟ್ಟೋ ಗೆಳೆಯರೇ, ನಿಮ್ಮ ಫೋನಿನ್ಯಾಗ ಎಷ್ಟು ಡೆಮೊ ಅದಾವ? ಗುನುಗಿದ್ದು, ಅರ್ಧಕ್ಕ ಬಿಟ್ಟದ್ದು, ತಾಳ ತಪ್ಪಿದ್ದು. ಅವನ್ನ ತಿದ್ದಿ ತಿದ್ದಿನ ಆಲ್ಬಮ್ ಆಗೋದು.

ಈಗ ಶಿಶುನಾಳ ಶರೀಫರನ್ನ (1819–1889) ನೋಡ್ರಿ. ಅವರ ಊರು ಇರೋದು ಶಿಗ್ಗಾವಿ ತಾಲೂಕಿನಾಗ. 1997ರಾಗ ಹಾವೇರಿ ಜಿಲ್ಲೆ ಆಗೋ ತನಕ ಅದೂ ನಮ್ಮ ಧಾರವಾಡ ಜಿಲ್ಲೆನ. ಭಾರತದಾಗ ಗ್ರಾಮಫೋನ್ ಕಂಪನಿ ಮೊದಲು ಹಾಡು ಮುದ್ರಿಸಿದ್ದು 1902ರಾಗ, ಕಲ್ಕತ್ತಾದಾಗ. ಅಷ್ಟೊತ್ತಿಗೆ ಶರೀಫರು ತೀರಿಕೊಂಡು 13 ವರ್ಷ. ಅವರ ದನಿ ಹೆಂಗಿತ್ತು, ಯಾವ ಧಾಟಿಯಲ್ಲಿ ಹಾಡಿದ್ರು, ಕೇಳಿಸಿಕೊಳ್ಳೋಕೆ ಏನೂ ಉಳಿದಿಲ್ಲ.

ಹಾಗಾದ್ರೆ ಪದ ಉಳಿದದ್ದು ಹೆಂಗ? ಭಜನಿ ಮ್ಯಾಳದವರಿಂದ. ದಮ್ಮಡಿ, ತಾಳ, ಏಕತಾರಿ ಹಿಡಿದು ಬಾಯಿಂದ ಬಾಯಿಗೆ ದಾಟಿಸಿದ್ರು. ಊರು ಬದಲಾದಂಗ ಧಾಟಿ ಬದಲಾತು, ಒಂದೆರಡು ಶಬ್ದಾನೂ ಬದಲಾದ್ವು.

1990ರಾಗ ಟಿ.ಎಸ್. ನಾಗಾಭರಣ ಅವರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂತು. ಸಿ. ಅಶ್ವತ್ಥ್ ಸಂಗೀತದಲ್ಲಿ ಆ ಪದಗಳು ಕ್ಯಾಸೆಟ್ ಹತ್ತಿ ಮನೆಮನೆಗೆ ಹೋದವು. 2008ರಾಗ ರಘು ದೀಕ್ಷಿತ್ ತಮ್ಮ ಮೊದಲ ಆಲ್ಬಮ್‌ನಲ್ಲಿ ಶರೀಫರ ಗುಡುಗುಡಿ ಪದವನ್ನ ಗಿಟಾರ್ ಜೊತಿ ಹಾಡಿದ್ರು.

ಈ ಮುದ್ರಣ ಇರದಿದ್ರೆ ನಮ್ಮಲ್ಲಿ ಎಷ್ಟೋ ಮಂದಿಗೆ ಶರೀಫರ ಗುರುತೇ ಆಗ್ತಿರಲಿಲ್ಲ. ಆದ್ರೆ ಕ್ಯಾಸೆಟ್ಟಿನ ಧಾಟಿ ಒಂದೇ ಸರಿ, ಉಳಿದದ್ದು ತಪ್ಪು ಅಂದುಬಿಟ್ರೆ? ಊರಿನ ಅಜ್ಜ ಹಾಡೋ ಧಾಟಿ ಅವನ ಜೊತಿನ ಹೋಗ್ತೈತಿ.

ಮುಂದಿನ ಸಲ ಊರಿಗೆ ಹೋದಾಗ ಭಜನಿಗೆ ಕೂಡ್ರಿ. ಅವರನ್ನ ಕೇಳಿ, ಫೋನಿನ್ಯಾಗ ರೆಕಾರ್ಡ್ ಮಾಡ್ರಿ. ಊರು, ತಾರೀಖು, ಹಾಡಿದವರ ಹೆಸರು ಬರೆದಿಡ್ರಿ. ಶರೀಫಜ್ಜನ ಆಲ್ಬಮ್ ಇನ್ನೂ ಮುಗಿದಿಲ್ಲ.