ಡಂಬಳಕ್ಕೆ ಹೋದ್ರ ತಾರಾದೇವಿನ್ನೂ ನೆನಸ್ರಿ

ಭಾನುವಾರ ಗದಗಿನಿಂದ ಎಲ್ಲಿಗೆ ಹೋಗೋದು ಅಂತ ಯಾರಾದ್ರೂ ಕೇಳಿದ್ರ ನಾನು ಹೇಳೋದು ಡಂಬಳ. ಮುಂಡರಗಿ ತಾಲ್ಲೂಕಿನ ಊರು, ಸುಮಾರು 20 ಕಿಲೋಮೀಟರ್.

ಅಲ್ಲಿನ ದೊಡ್ಡಬಸಪ್ಪ ಗುಡಿಯನ್ನು ಒಂದು ಸುತ್ತು ಹಾಕಿ ನೋಡ್ರಿ. ಗರ್ಭಗುಡಿಯ ಹೊರಗೋಡೆ ಪೂರಾ ಮೂಲೆಗಳೇ. 24 ಮೂಲೆಗಳ ನಕ್ಷತ್ರದ ನಕ್ಷೆ ಅದು. ಒಂದು ಚೌಕವನ್ನು ನಡುವಿನ ಬಿಂದು ಹಿಡಿದು 15 ಡಿಗ್ರಿಯಂತೆ ತಿರುಗಿಸ್ತಾ ಹೋಗ್ರಿ. ಆರು ಚೌಕ ಆದಾಗ 24 ಮೂಲೆ ಸಿಗ್ತಾವ. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಈ ಲೆಕ್ಕವನ್ನು ಕಲ್ಲಿಗೆ ಇಳಿಸಿದ್ದಾರೆ.

ಹೆಚ್ಚಿನವರು ಇಲ್ಲೊಂದು ಸೆಲ್ಫಿ ತೆಗೆದು ಹೊರಡ್ತಾರ. ನಾನೂ ಮೊದಲ ಸಲ ಹಂಗ ಮಾಡಿದ್ದೆ. ಡಂಬಳದ 1095ರ ಶಾಸನದ ಬಗ್ಗೆ ಓದಿದ್ದು ಆಮೇಲೆ. ಅದು ಆರನೇ ವಿಕ್ರಮಾದಿತ್ಯನ ಆಳ್ವಿಕೆಯದು. ಬೌದ್ಧರ ತಾರಾದೇವಿಯ ಗುಡಿ, 16 ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರ ಎರಡೂ ಅದರಲ್ಲಿ ಬರುತ್ತವೆ. ಕರ್ನಾಟಕದ ಬೌದ್ಧಧರ್ಮ ಅಂದ್ರ ಅಶೋಕನ ಕಾಲದ್ದು ಅಂದುಕೊಂಡಿದ್ದೆ. ಅಶೋಕನಾಗಿ 1300 ವರ್ಷ ಕಳೆದ ಮೇಲೂ ನಮ್ಮ ಡಂಬಳದಾಗ ವ್ಯಾಪಾರಿಗಳು ವಿಹಾರಕ್ಕೆ ರೊಕ್ಕ ಹಾಕ್ತಿದ್ರು!

ಇಷ್ಟೆಲ್ಲ ತಿಳಿದದ್ದು ಒಂದು ಕಲ್ಲು ಉಳಿದದ್ದಕ್ಕ. ಅದನ್ನ ಒಡೆದು ಯಾರಾದ್ರೂ ಪಾಯಕ್ಕೆ ಹಾಕಿದ್ರ, ತಾರಾದೇವಿಯ ಸುದ್ದೀನೂ ಪಾಯದಾಗ ಹೋಗ್ತಿತ್ತು. ಅದಕ್ಕ, ನಿಮ್ಮೂರ ಗುಡಿ ಕಟ್ಟಿ ಹತ್ರ, ಹೊಲದ ಬದುವಿನಾಗ ಅಕ್ಷರ ಇರೋ ಕಲ್ಲು ಕಂಡ್ರ ಬಣ್ಣ ಬಳೀಬ್ಯಾಡ್ರಿ. ಫೋಟೊ ತೆಗೀರಿ, ಓದಬಲ್ಲವರಿಗೆ ತೋರಿಸ್ರಿ.